ತೀನ್ ಕಂದೀಲ್ ಹತ್ತಿರದ ಕೇಬಲ್ ಆಫೀಸು: ಟಿವಿ ಬಗ್ಗೆ ಏನು ಕೇಳಿದರೂ ಬಿಡಿಸಿ ಹೇಳ್ತಾರೆ

ರಾಯಚೂರಿನ ತೀನ್ ಕಂದೀಲ್‌ನಿಂದ ಸ್ವಲ್ಪ ಒಳಗೆ ಒಂದು ಗಲ್ಲಿಯಲ್ಲಿ ಈ ಆಫೀಸಿದೆ. ಬೋರ್ಡ್ ಇಲ್ಲ. ಮಾಳಿಗೆ ಮೇಲೆ ದೊಡ್ಡ ದೊಡ್ಡ ಡಿಶ್ ಕಾಣುತ್ತವೆ, ಅದೇ ಗುರುತು. ಎರಡು ವರ್ಷದಿಂದ ನಮ್ಮ ಮನೆಗೆ ಲೈನ್ ಇವರದೇ. ಚಿತ್ರ ಸ್ಪಷ್ಟವಾಗಿ ಬರುತ್ತದೆ, ಕನ್ನಡ ಮತ್ತು ತೆಲುಗು ಪ್ಯಾಕ್ ಸೇರಿ ತಿಂಗಳಿಗೆ 300 ರೂಪಾಯಿ ಕೊಡುತ್ತೇನೆ. ನಮ್ಮೂರಲ್ಲಿ ಮನೆಯೊಳಗೇ ಅರ್ಧ ಮಂದಿ ತೆಲುಗು ನೋಡುತ್ತಾರೆ, ಎರಡೂ ಬೇಕೇ ಬೇಕು. ಆದರೆ ಇಷ್ಟಕ್ಕೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅಲ್ಲಿ ಕೂರುವ ಅಣ್ಣ ಜನರ ಪ್ರಶ್ನೆಗೆ ಉತ್ತರ ಕೊಡುವ ರೀತಿ ನೋಡಿ ಬರೆಯಲೇಬೇಕು ಅನ್ನಿಸಿತು.

ಇದಕ್ಕೂ ಮೊದಲು ನಮ್ಮ ಮನೆಯಲ್ಲಿ ಡಿಟಿಎಚ್ ಇತ್ತು. ಯಾವ ಕಂಪನಿ ಅಂತ ಹೇಳುವುದು ಬೇಡ. ಒಂದು ದಿನ ಅವ್ವ ನೋಡುವ ಚಾನೆಲ್ ಮಾಯ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಹಾಡು, ಕೊನೆಗೆ ಒಬ್ಬರು ಸಿಕ್ಕಿ ನಿಮ್ಮ ಪ್ಯಾಕ್ ಬದಲಾಗಿದೆ ಅಂದರು. ಯಾಕೆ ಬದಲಾಯಿತು, ಯಾರು ಬದಲಾಯಿಸಿದರು ಅಂದರೆ ಮತ್ತೆ ಅದೇ ಮಾತು. ಮೂರು ಸಲ ಹೀಗಾಯಿತು. ಅವ್ವ ಆಮೇಲೆ ಕೇಳುವುದನ್ನೇ ಬಿಟ್ಟಳು. ಅದು ನನಗೆ ತುಂಬಾ ಬೇಜಾರಾಯಿತು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುವ ಹೆಣ್ಣುಮಗಳಿಗೆ ಟಿವಿ ಅಂದರೆ ಜೊತೆಗೊಬ್ಬರು ಇದ್ದಂತೆ, ಅಲ್ವಾ?

ಇಲ್ಲಿಗೆ ಮೊದಲ ಸಲ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅರ್ಜಿ ತುಂಬುವಾಗ ಅವ್ವ ಸುಮ್ನೆ ಕೇಳಿದಳು: "ಅಲ್ಲಪ್ಪಾ, ನಾವೆಲ್ಲ ನೋಡೋ ಧಾರಾವಾಹಿನ ಟಿಆರ್‌ಪಿ ಇಲ್ಲಂತ ನಿಲ್ಲಿಸಿದ್ರು. ನಮ್ಮ ಓಣ್ಯಾಗ ಎಲ್ಲರೂ ನೋಡ್ತಿದ್ವಿ. ಈ ಡಬ್ಬಿ ಅವರಿಗೆ ಹೇಳಲಿಲ್ಲೇನು?"

ಅಣ್ಣ ಪೆನ್ನು ಕೆಳಗಿಟ್ಟರು. "ಇಲ್ರೀ ಅವ್ವಾರ, ನಿಮ್ಮ ಡಬ್ಬಿಗೂ ಟಿಆರ್‌ಪಿಗೂ ಸಂಬಂಧ ಇಲ್ಲ" ಅಂತ ಶುರು ಮಾಡಿ ಹತ್ತು ನಿಮಿಷ ಹೇಳಿದರು. ಟಿಆರ್‌ಪಿ ಅಂದರೆ ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡುತ್ತಾರೆ ಅನ್ನುವ ಅಂಕಿ, ಅದನ್ನು ಲೆಕ್ಕ ಹಾಕುವುದು ಬಾರ್ಕ್ ಅನ್ನುವ ಸಂಸ್ಥೆ. 2015ರಿಂದ ಅದರ ಅಂಕಿಗಳು ಬರುತ್ತಿವೆ. ಇಡೀ ದೇಶದಲ್ಲಿ ಆರಿಸಿದ 50 ಸಾವಿರಕ್ಕಿಂತ ಜಾಸ್ತಿ ಮನೆಗಳಲ್ಲಿ ಅವರು ಮೀಟರ್ ಇಟ್ಟಿದ್ದಾರೆ. ಚಾನೆಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್ ಇರುತ್ತದೆ, ಟಿವಿ ಮುಂದೆ ಕೂತಾಗ ಒತ್ತಬೇಕು. ಹಾಗಾಗಿ ಅತ್ತೆ ನೋಡಿದರೋ ಮೊಮ್ಮಗ ನೋಡಿದನೋ ಅನ್ನುವುದೂ ಗೊತ್ತಾಗುತ್ತದೆ. ವಾರಕ್ಕೊಮ್ಮೆ, ಗುರುವಾರ, ಲೆಕ್ಕ ಹೊರಬರುತ್ತದೆ. ಜಾಹೀರಾತನ್ನು ಹತ್ತು ಸೆಕೆಂಡಿಗೆ ಇಷ್ಟು ಅಂತ ಮಾರುತ್ತಾರೆ, ಆ ರೇಟು ನಿಂತಿರುವುದು ಈ ಅಂಕಿಯ ಮೇಲೆ. ಅಂಕಿ ಇಳಿದರೆ ಧಾರಾವಾಹಿಯ ಟೈಮ್ ಬದಲಾಗುತ್ತದೆ, ಇನ್ನೂ ಇಳಿದರೆ ಕಥೆಯೇ ಮುಗಿಯುತ್ತದೆ.

ನಾನು ನಡುವೆ ಬಾಯಿ ಹಾಕಿದೆ. ಮೀಟರ್ ಇರುವ ಮನೆಗೆ ದುಡ್ಡು ಕೊಟ್ಟು ತಮ್ಮ ಚಾನೆಲ್ಲೇ ಹಾಕಿಸಿದರೆ? ಅದಕ್ಕೇ ಆ ಮನೆಗಳು ಯಾವುವು ಅಂತ ಗುಟ್ಟಾಗಿ ಇಡುತ್ತಾರೆ ಅಂದರು. 2020ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಇಂಥದ್ದೇ ಆರೋಪ ಬಂದು, ಸುದ್ದಿ ಚಾನೆಲ್‌ಗಳ ವಾರದ ರೇಟಿಂಗ್ ನಿಲ್ಲಿಸಿ, 2022ರ ಮಾರ್ಚ್‌ನಲ್ಲಿ ಮತ್ತೆ ಶುರು ಮಾಡಿದ್ದನ್ನೂ ನೆನಪಿಸಿದರು. ಅವ್ವನಿಗೆ ಇದೆಲ್ಲ ಪೂರ್ತಿ ಅರ್ಥವಾಯಿತು. "ಅಂದ್ರ ನಮ್ಮನ್ನ ಯಾರೂ ಎಣಿಸೇ ಇಲ್ಲ" ಅಂದಳು. ಅಣ್ಣ ಹೌದು ಅಂದರು. ಸಮಾಧಾನ ಮಾಡಲು ಸುಳ್ಳು ಹೇಳಲಿಲ್ಲ, ನನಗೆ ಅದೇ ಹಿಡಿಸಿತು. ಪಕ್ಕದಲ್ಲಿದ್ದ ಒಬ್ಬ ಹುಡುಗ ರಿಯಾಲಿಟಿ ಶೋದಲ್ಲಿ ಜಗಳ ಎಲ್ಲ ಮೊದಲೇ ಬರೆದಿರುತ್ತಾರಾ ಅಂತ ಕೇಳಿದಾಗಲೂ ಅಷ್ಟೇ. "ತಮ್ಮಾ, ನಾ ಸೆಟ್ಟಿಗೆ ಹೋಗಿಲ್ಲ, ವೈರ್ ಎಳ್ಯಾವ. ಗೊತ್ತಿದ್ದದ್ದು ಕೇಳು" ಅಂದರು.

ಬಿಲ್ ವಿಷಯದಲ್ಲೂ ಇದೇ ಗುಣ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ, ಅಂದರೆ ಫೋನ್, ಕೇಬಲ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆಯ, ಹೊಸ ಪದ್ಧತಿ ಬಂದಾಗಿನಿಂದ ಏನೇನಾಯಿತು ಅಂತ ಒಂದು ಹಾಳೆ ಮೇಲೆ ಬರೆದು ತೋರಿಸಿದರು. ಆಗ 100 ಚಾನೆಲ್‌ಗೆ ಲೈನ್ ಬಾಡಿಗೆ ಹೆಚ್ಚೆಂದರೆ 130 ರೂಪಾಯಿ, ಅದಕ್ಕೆ 18% ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಮರುವರ್ಷ ಅದೇ ದುಡ್ಡಿಗೆ 200 ಚಾನೆಲ್ ಆಯಿತು. 2024ರಲ್ಲಿ ಆ 130 ರೂಪಾಯಿಯ ಮಿತಿಯನ್ನೇ ತೆಗೆದರು. ದುಡ್ಡಿನ ಚಾನೆಲ್‌ಗಳ ಬೆಲೆ ಇದರ ಮೇಲೆ ಬೇರೆ. ಪ್ಯಾಕ್ ತಗೊಳ್ಳಲೇಬೇಕು ಅಂತಿಲ್ಲ, ಒಂದೊಂದೇ ಚಾನೆಲ್ ಆರಿಸಿಕೊಳ್ಳುವ ಹಕ್ಕು ನಮಗಿದೆ. ಅದನ್ನು ಅವರೇ ಹೇಳಿದರು. ನಾವು ಯಾರೂ ನೋಡದ ಆರು ಚಾನೆಲ್ ಅವತ್ತೇ ತೆಗೆಸಿದೆ. ತಮಗೆ ಬರುವ ದುಡ್ಡು ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೂ ಹೇಳುವ ಅಂಗಡಿಯವರು ಎಷ್ಟು ಮಂದಿ ಸಿಗುತ್ತಾರೆ?

ಸಣ್ಣಪುಟ್ಟ ಅನುಮಾನಗಳೂ ಅಲ್ಲಿ ತೀರಿದವು. ಮಳೆ ಬಂದರೆ ಡಿಟಿಎಚ್ ಯಾಕೆ ನಿಲ್ಲುತ್ತದೆ? ಮನೆ ಮೇಲಿನ ಸಣ್ಣ ಡಿಶ್ ಹಿಡಿಯುವುದು ಕು ಬ್ಯಾಂಡ್ ತರಂಗ. ಅದರ ಅಲೆ ಗಿಡ್ಡ, ಜೋರು ಮಳೆಯ ಹನಿಗಳು ಅದನ್ನು ಹೀರಿಬಿಡುತ್ತವೆ. ಕೇಬಲ್‌ನವರ ದೊಡ್ಡ ಡಿಶ್ ಸಿ ಬ್ಯಾಂಡಿನದು, ಅದರ ಅಲೆ ಉದ್ದ, ಮಳೆಗೆ ಅಷ್ಟು ಜಗ್ಗುವುದಿಲ್ಲ. ಆದರೆ ಮಾರ್ಚ್ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಹಗಲಲ್ಲಿ ಕೆಲವು ನಿಮಿಷ ಇವರ ಚಿತ್ರವೂ ಒಡೆಯುತ್ತದೆ. ಜಾಹೀರಾತು ಬಂದಾಗ ಸೌಂಡ್ ಯಾಕೆ ಜೋರು ಅಂತ ಕೇಳಿದ್ದು ನಮ್ಮ ಪಕ್ಕದ ಮನೆಯ ಅಜ್ಜ. ಧಾರಾವಾಹಿಯಲ್ಲಿ ಪಿಸುಮಾತೂ ಇರುತ್ತದೆ, ಕೂಗೂ ಇರುತ್ತದೆ. ಜಾಹೀರಾತಿನಲ್ಲಿ ಸಣ್ಣ ದನಿಯನ್ನೂ ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ, ಅದಕ್ಕೇ ಕಿವಿಗೆ ಹೊಡೆಯುತ್ತದೆ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಇರಬಾರದು ಅನ್ನುವ ನಿಯಮವನ್ನೂ ಅವರು ಹೇಳಿದ್ದರಿಂದ ಅವ್ವ ಈಗ ಗಡಿಯಾರ ನೋಡುತ್ತಾ ಕೂರುತ್ತಾಳೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಮಾತು. ಟಿವಿ ಮಂದಿಗೆ ಬೆಂಗಳೂರು, ಮೈಸೂರು ಬಿಟ್ಟರೆ ಬೇರೆ ಊರೇ ಕಾಣಲ್ಲ ಅಂತ ನಾನು ಗೊಣಗಿದೆ. ಅದಕ್ಕೆ ಅವರು "ಬೆಂಗಳೂರಿಗಿಂತ ಮೊದಲ ಟಿವಿ ನೋಡಿದ್ದು ನಾವು, ಗೊತ್ತೇನ್ರಿ?" ಅಂದರು. ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಹುಡುಕಿ ಓದಿದೆ, ನಿಜ. 1975ರ ಆಗಸ್ಟ್ 1ರಿಂದ ಒಂದು ವರ್ಷ ಸೈಟ್ ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಆರಿಸಿದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು, ಬೇರೆಯಾಗಿದ್ದು 1997ರಲ್ಲಿ. ತಂತಿ ಜಾಲರಿಯ ಹತ್ತು ಅಡಿ ಡಿಶ್, ಊರಿಗೊಂದು ಟಿವಿ, ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರ ಮಂದಿಗೆ ಬೇಸಾಯ, ಆರೋಗ್ಯದ ಮಾತು. ಮಣ್ಣಿನ ಮನೆ ಮುಂದೆ ಇಡೀ ಊರು ಕೂತು ಆಕಾಶದಿಂದ ಬರುವ ಕನ್ನಡ ಕೇಳಿದ್ದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ನಮ್ಮ ಶಾಲೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಕರೆಂಟ್ ಹೋದರೆ ನಮ್ಮ ಓಣಿ ಕಂಬದ ಮೇಲಿನ ಆಂಪ್ಲಿಫೈಯರ್ ಬಂದ್, ಮನೆಯಲ್ಲಿ ಇನ್ವರ್ಟರ್ ಇದ್ದರೂ ಟಿವಿ ಬರುವುದಿಲ್ಲ. ಬೇಸಿಗೆಯಲ್ಲಿ ಇದು ನಿಜವಾದ ತೊಂದರೆ. ಬ್ಯಾಟರಿ ಹಾಕಿಸಿ ಅಂತ ಎರಡು ಸಲ ಹೇಳಿದ್ದೇನೆ, ಹಾಕಿಸಬೇಕು. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಇಲ್ಲದಿದ್ದರೆ ಕಾರ್ಡಿನ ಮೇಲೆ ಪೆನ್ನಿನಲ್ಲಿ ಒಂದು ಟಿಕ್ ಅಷ್ಟೇ. ಕೇಳಿ ತಗೊಳ್ಳಿ. ಭಾನುವಾರ ಫೋನ್ ಎತ್ತುವುದಿಲ್ಲ.

ಹೋಗುವುದಾದರೆ ಸಂಜೆ 6 ಆದ ಮೇಲೆ ಹೋಗಿ, ಹಗಲೆಲ್ಲ ಅಣ್ಣ ಲೈನ್ ಮೇಲಿರುತ್ತಾರೆ. ಸೆಟ್‌ಟಾಪ್ ಬಾಕ್ಸಿನ ಕೆಳಗಿರುವ ನಂಬರ್ ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರಿಗೆ ಕುರ್ಚಿ ಕೊಡುತ್ತಾರೆ. ಮುಂದಿನ ವಾರ ನಾವು ದುಡ್ಡು ಕಟ್ಟಲು ಹೋಗಬೇಕು. ಒಬ್ಬರೇ ಹೀರೋ ಮೂರು ಚಾನೆಲ್‌ನಲ್ಲಿ ಒಂದೇ ಹೊತ್ತಿಗೆ ಹೇಗೆ ಬರುತ್ತಾರೆ ಅಂತ ಕೇಳಬೇಕಂತೆ ಅವ್ವನಿಗೆ.