ಮಗಳ ಗುಂಗುರು ಕೂದಲಿಗೆ ಸೀಗೆಪುಡಿಯೋ, ಮೂರು ಬಾಟಲಿಯ ಸೆಟ್ಟೋ, ಅಗಸೆ ಲೋಳೆಯೋ?

ನನ್ನ ಕೂದಲು ನೆಟ್ಟನೆಯದು. ಹಲ್ಲು ಮುರಿದ ಬಾಚಣಿಗೆಯಲ್ಲಿ ಎರಡು ಸಲ ಎಳೆದರೆ ಆ ದಿನದ ಕೆಲಸ ಮುಗಿಯುತ್ತದೆ. ಹೆಂಡತಿಯದೂ ಹೆಚ್ಚುಕಡಿಮೆ ಹಾಗೆಯೇ. ಏಳು ವರ್ಷದ ಮಗಳಿಗೆ ಮಾತ್ರ ಚಳ್ಳಕೆರೆಯ ಅಜ್ಜಿಯ ಗುಂಗುರು ಕೂದಲು ಬಂದಿದೆ. ಹೆಂಡತಿ ಚಿತ್ರದುರ್ಗದ ಕೆಲಸಕ್ಕೆಂದು ಬೆಳಿಗ್ಗೆ ಏಳಕ್ಕೆ ಮೊದಲೇ ದಾವಣಗೆರೆಯ ಬಸ್ ನಿಲ್ದಾಣ ಸೇರಬೇಕಾಗಿರುವುದರಿಂದ, ಎರಡು ವರ್ಷಗಳಿಂದ ಆ ತಲೆಯ ಉಸ್ತುವಾರಿ ನನ್ನದು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಶಾಲೆಯ ವ್ಯಾನ್ ಬರುತ್ತದೆ. ಎರಡು ಜಡೆ, ಕಪ್ಪು ರಿಬ್ಬನ್ ಕಡ್ಡಾಯ. ಈ ಅವಧಿಯಲ್ಲಿ ನಾನು ಮೂರು ಪದ್ಧತಿಗಳನ್ನು ಪ್ರಯೋಗಿಸಿದ್ದೇನೆ: ನನ್ನ ತಾಯಿಯವರ ಕೊಬ್ಬರಿ ಎಣ್ಣೆ ಮತ್ತು ಸೀಗೆಪುಡಿ, ಗುಂಗುರು ಕೂದಲಿಗೆಂದೇ ಮಾರುವ, ಮೊಬೈಲಿನಲ್ಲಿ ತರಿಸಿದ ಮೂರು ಬಾಟಲಿಗಳ ಸೆಟ್, ಮತ್ತು ಅಂಗಡಿಯ ಸಾಧಾರಣ ಕಂಡಿಷನರ್ ಜೊತೆಗೆ ಮನೆಯಲ್ಲೇ ಕುದಿಸಿದ ಅಗಸೆ ಬೀಜದ ಲೋಳೆ. ನನ್ನ ಮತ ಮೂರನೆಯದಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಸೆಟ್ಟಿಗೆ ಸುರಿದ 1,450 ರೂಪಾಯಿಯ ನೋವು ಈ ಮತದಲ್ಲಿ ಸ್ವಲ್ಪ ಬೆರೆತಿರಲೂಬಹುದು.

ಹೋಲಿಕೆಗೆ ಮೊದಲು, ನಾನು ಒಂದು ವರ್ಷ ಪೂರ್ತಿ ಮಾಡಿದ ತಪ್ಪನ್ನು ಹೇಳಬೇಕು. ನೆಟ್ಟನೆಯ ಕೂದಲನ್ನು ಒದ್ದೆಯಿದ್ದಾಗ ಬಾಚಬಾರದು, ಸ್ವಲ್ಪ ಆರಿದ ಮೇಲೆ ಬಾಚಬೇಕು ಎಂಬುದು ಸರಿಯಾದ ಮಾತು. ನೆನೆದ ಎಳೆ ಬೇಗ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಅದನ್ನೇ ಮಗಳ ತಲೆಗೂ ಅನ್ವಯಿಸಿ, ಪೂರ್ತಿ ಒಣಗುವವರೆಗೆ ಕಾದು ಬಾಚುತ್ತಿದ್ದೆ. ಗುಂಗುರು ಕೂದಲಿಗೆ ನಿಯಮ ತಿರುಗುಮುರುಗು. ನೆಟ್ಟನೆಯ ಎಳೆಯ ಮೇಲೆ ನೆತ್ತಿಯ ಜಿಡ್ಡು ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಸುರುಳಿ ಎಳೆಯಲ್ಲಿ ತಿರುವು ತಿರುವಿಗೂ ತಡೆಯಾಗಿ, ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಒಣಗಿದ ಸುರುಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಾಗ ಬಾಚಣಿಗೆ ಎಳೆದರೆ ಸಿಕ್ಕು ಬಿಡುವ ಬದಲು ಕೂದಲೇ ಕಿತ್ತು ಬರುತ್ತದೆ. ಆದ್ದರಿಂದ ಒದ್ದೆಯಿರುವಾಗಲೇ, ಜಾರುವಂಥದ್ದೇನಾದರೂ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಹೋಗಬೇಕು. ಇದು ತಿಳಿದ ಮೇಲೆ, ಮೂರರಲ್ಲಿ ಯಾವುದು ಹೆಚ್ಚು ಜಾರುತ್ತದೆ ಎಂಬುದೇ ನನ್ನ ಮುಖ್ಯ ಅಳತೆಗೋಲಾಯಿತು.

ಸೀಗೆಪುಡಿಯ ಬಗ್ಗೆ ಕೆಟ್ಟ ಮಾತಾಡಲು ನನಗೆ ಮನಸ್ಸಿಲ್ಲ. ನನ್ನ ತಲೆ ಅದರಲ್ಲೇ ಬೆಳೆದದ್ದು. ಬೋರ್‌ವೆಲ್ ನೀರಿನಲ್ಲಿ ಸಾಬೂನು ಬಿಡುವಂಥ ಅಂಟು ಬಿಳಿ ಪದರವನ್ನು ಸೀಗೆ ಬಿಡುವುದಿಲ್ಲ, ಎಣ್ಣೆಯನ್ನೂ ಹದವಾಗಿ ತೆಗೆಯುತ್ತದೆ. ತೊಂದರೆ ಇರುವುದು ಅದರ ಕಣಗಳಲ್ಲಿ. ನನ್ನ ತಲೆಯಲ್ಲಿ ಎರಡು ಚೊಂಬು ನೀರಿಗೆ ಇಳಿದು ಹೋಗುವ ತರಿ, ಮಗಳ ಸುರುಳಿಗಳಲ್ಲಿ ಎಂಟು ಚೊಂಬು ಸುರಿದರೂ ಕುಳಿತೇ ಇರುತ್ತದೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ನಯವಾದ ಪುಡಿ ಬಳಸಿದರೆ ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಷ್ಟು ನೀರು ಸುರಿಯುವ ಹೊತ್ತಿಗೆ ಒಂದಿಷ್ಟು ಕಣ್ಣಿಗೂ ಇಳಿದು, "ಅಪ್ಪಾಜಿ, ಉರೀತೈತಿ" ಎಂಬ ಕೂಗು ಬೀದಿಯ ಕೊನೆಯವರೆಗೆ ಕೇಳುತ್ತದೆ. ಇನ್ನು ಜಾರಿಕೆಯ ವಿಷಯದಲ್ಲಿ ಅದಕ್ಕೆ ಸೊನ್ನೆ ಅಂಕ. ಅದು ತೊಳೆಯುವ ವಸ್ತು, ಸಿಕ್ಕು ಬಿಡಿಸುವ ವಸ್ತುವಲ್ಲ. ನಮ್ಮ ತಾಯಿ ತೊಳೆದ ಮೇಲೆ ಮತ್ತೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಬಿಡುತ್ತಿದ್ದರು. ಅದು ಸಿಕ್ಕನ್ನು ಬಿಡಿಸದೆ ಮುಚ್ಚಿಡುವ ಉಪಾಯ ಎಂದು ನನಗೆ ಗೊತ್ತಾದದ್ದು ನಾಲ್ಕನೇ ದಿನ ಆ ಜಡೆ ಬಿಚ್ಚಿದಾಗ.

ಹರಳೆಣ್ಣೆಯನ್ನೂ ಒಮ್ಮೆ ಹಚ್ಚಿದೆವು; ತೊಳೆಯಲು ಎರಡು ಭಾನುವಾರ ಬೇಕಾಯಿತು.

ಮೂರು ಬಾಟಲಿಗಳ ಸೆಟ್, ನ್ಯಾಯವಾಗಿ ಹೇಳಬೇಕೆಂದರೆ, ನೋಟದಲ್ಲಿ ಉಳಿದೆರಡನ್ನೂ ಸೋಲಿಸಿತು. ಮೊದಲ ಭಾನುವಾರ ಸಂಜೆ ಊರಿನ ಗಾಜಿನ ಮನೆ ಉದ್ಯಾನಕ್ಕೆ ಕರೆದುಕೊಂಡು ಹೋದಾಗ, ಒಂದೊಂದು ಸುರುಳಿಯೂ ಬಿಡಿಬಿಡಿಯಾಗಿ ಹೊಳೆಯುತ್ತಿತ್ತು. ಆದರೆ ಅದರ ಕೈಪಿಡಿಯನ್ನು ಬರೆದವರ ಮನೆಗೆ ಶಾಲೆಯ ವ್ಯಾನ್ ಬರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಕೂದಲನ್ನು ಮತ್ತೆ ತೋಯಿಸಿ, ಕ್ರೀಮ್ ಹಚ್ಚಿ, ಕೈಯಿಂದ ಹಿಂಡಿ, ತಾನಾಗಿ ಒಣಗಲು ಬಿಡಬೇಕಂತೆ. ಡಿಸೆಂಬರಿನ ಬೆಳಿಗ್ಗೆ ಒದ್ದೆ ತಲೆಯ ಮಗುವನ್ನು ವ್ಯಾನಿನ ಕಿಟಕಿಯ ಪಕ್ಕ ಕೂರಿಸಿ ಕಳಿಸಲು ನನಗೆ ಧೈರ್ಯವಿಲ್ಲ. ಜೊತೆಗೆ ಆ ಸೆಟ್ಟಿನ ಕಂಡಿಷನರಿನಲ್ಲಿ ಸಿಲಿಕೋನ್ ಇಲ್ಲ ಎಂಬುದನ್ನೇ ದೊಡ್ಡ ಗುಣವೆಂದು ಬರೆದಿದ್ದರು; ನನ್ನ ಅನುಭವದಲ್ಲಿ ಸಿಕ್ಕು ಬಿಡಿಸುವಾಗ ಜಾರಿಕೆ ಕೊಡುವುದೇ ಆ ಸಿಲಿಕೋನ್. ಅಂಗಡಿಯ 180 ರೂಪಾಯಿ ಬಾಟಲಿಯ ಪಟ್ಟಿಯಲ್ಲಿ ಡೈಮೆಥಿಕೋನ್ ಎಂಬ ಸಿಲಿಕೋನ್ ಇದೆ; ಅದರಲ್ಲಿ ಹದಿನೈದು ನಿಮಿಷಕ್ಕೆ ಮುಗಿಯುವ ಸಿಕ್ಕು, ಸೆಟ್ಟಿನದರಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ಸಿಲಿಕೋನ್ ಎಳೆಯ ಮೇಲೆ ಪದರವಾಗಿ ಉಳಿಯುವುದರಿಂದ ವಾರಕ್ಕೊಮ್ಮೆ ಶಾಂಪೂ ಹಾಕಿ ತೆಗೆಯಬೇಕಾಗುತ್ತದೆ. ನಾವು ಹೇಗೂ ವಾರಕ್ಕೊಮ್ಮೆ ತಲೆ ತೊಳೆಯುವವರು, ಅದು ನಮಗೆ ಕೊರತೆಯೇ ಅಲ್ಲ. ಏಳು ವಾರಕ್ಕೆ ಕ್ರೀಮ್ ಖಾಲಿಯಾಯಿತು, ಮತ್ತೆ ತರಿಸಲಿಲ್ಲ.

ಇನ್ನು ಅಗಸೆ. ಚಟ್ನಿಪುಡಿಗೆ ಹಾಕುವ ಅದೇ ಅಗಸೆ ಬೀಜ. ಮಂಡಿಪೇಟೆಯಲ್ಲಿ ಕಾಲು ಕೆಜಿ ತಂದರೆ ಎರಡು ತಿಂಗಳು ಬರುತ್ತದೆ. ಬೀಜದ ಸಿಪ್ಪೆಯಲ್ಲಿರುವ ಅಂಟು ಬಿಸಿನೀರಿಗೆ ಬಿಟ್ಟುಕೊಂಡು ಲೋಳೆಯಾಗುತ್ತದೆ. ಅದನ್ನು ಒದ್ದೆ ಕೂದಲಿಗೆ ಸವರಿದರೆ, ಒಣಗುವಾಗ ಸುರುಳಿಯ ಮೇಲೆ ತೆಳುವಾದ ಪೊರೆ ಕಟ್ಟಿ, ಎಳೆಗಳು ಕೆದರದಂತೆ ಹಿಡಿದುಕೊಳ್ಳುತ್ತದೆ. ಕಾಲು ಲೋಟ ಬೀಜಕ್ಕೆ ಎರಡು ಲೋಟ ನೀರು. ಇಷ್ಟು ಓದಿದವರಿಗೆ ಇದಕ್ಕಿಂತ ಸುಲಭವಾದದ್ದಿಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ತೊಡಕು ಇರುವುದು ಸೋಸುವುದರಲ್ಲಿ, ಅದು ಎಂಥ ತೊಡಕೆಂದರೆ ನಾನು ಎರಡು ಸಲ ಈ ಕೆಲಸವನ್ನೇ ಕೈಬಿಟ್ಟಿದ್ದೆ. ಕಷಾಯವನ್ನು ಆರಿಸಿ ಸೋಸಿ ಅಭ್ಯಾಸವಾದ ಕೈ ಮೊದಲ ಸಲ ಇದನ್ನೂ ಆರಲು ಇಟ್ಟಿತು. ಮುಕ್ಕಾಲು ಗಂಟೆಯ ಮೇಲೆ ಮುಚ್ಚಳ ತೆಗೆದರೆ ಪಾತ್ರೆಯಲ್ಲಿ ಇದ್ದದ್ದು ಮಳೆಗಾಲದ ಹೊಂಡದ ಕಪ್ಪೆ ಮೊಟ್ಟೆಗಳಂಥ ಒಂದು ಮುದ್ದೆ. ಚಹಾ ಸೋಸುವ ಜಾಲರಿಗೆ ಸುರಿದರೆ ಒಂದು ಹನಿಯೂ ಕೆಳಗಿಳಿಯಲಿಲ್ಲ. ಚಮಚದಿಂದ ಒತ್ತಿದಾಗ ಬೀಜಗಳೂ ತೂರಿಕೊಂಡು ಬಂದವು. ಆ ಲೋಳೆಯನ್ನೇ ಹಚ್ಚಿದ್ದರಿಂದ, ಸೋಮವಾರ ಬೆಳಿಗ್ಗೆ ಮಗಳ ಜಡೆಯಿಂದ ಅಗಸೆ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯುವ ಯೋಗ ನನಗೆ ಬಂತು.

ಎರಡನೆಯ ಸಲ ಬಿಸಿಯಿರುವಾಗಲೇ ಹಳೆಯ ಪಂಚೆಯ ತುಂಡಿಗೆ ಸುರಿದು ಹಿಂಡಿದೆ. ಬಟ್ಟೆಯ ನೇಯ್ಗೆ ಬಿಗಿಯಾಗಿತ್ತು, ಲೋಳೆ ಇಳಿಯಲಿಲ್ಲ, ಬೆರಳು ಬೆಂದಿತು. ಮೂರನೆಯ ಸಲ ದಾರಿ ತೋರಿದವರು ನಮ್ಮ ಅತ್ತೆ. ಗುಂಗುರು ಕೂದಲಿನ ಮೂಲ ವಾರಸುದಾರರಾದ ಅವರು ಚಳ್ಳಕೆರೆಯಿಂದ ಬಂದಿದ್ದಾಗ ಈ ಸಾಹಸವನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಗಟ್ಟಿ ಆಗೋ ತನಕ ಯಾಕ್ ಕಾಯ್ತೀರಿ?" ಎಂದರು. ಮರ್ಮ ಇರುವುದೇ ಅಲ್ಲಿ. ಒಲೆಯ ಮೇಲೆ ಅದು ನಮಗೆ ಬೇಕಾದಷ್ಟು ದಪ್ಪವಾಗಿ ಕಂಡರೆ ಹೊತ್ತು ಮೀರಿತೆಂದೇ ಅರ್ಥ. ಆರಿದ ಮೇಲೆ ಅದರ ಇಮ್ಮಡಿ ದಪ್ಪವಾಗುತ್ತದೆ. ಕುದಿಯಲು ಆರಂಭಿಸಿ ಏಳೆಂಟು ನಿಮಿಷಕ್ಕೆ, ಸೌಟನ್ನು ಎತ್ತಿದಾಗ ಬೆಂಡೆಕಾಯಿ ಲೋಳೆಯಂತೆ ಒಂದು ತೆಳು ದಾರ ಇಳಿದರೆ ಸಾಕು, ಉರಿ ಆರಿಸಿ ಆ ಕ್ಷಣವೇ ಸೋಸಬೇಕು. ಸೋಸಲು ಹಳೆಯ ನೈಲಾನ್ ಕಾಲುಚೀಲದಷ್ಟು ಒಳ್ಳೆಯ ಸಾಧನವಿಲ್ಲ. ಚೆನ್ನಾಗಿ ತೊಳೆದ ಕಾಲುಚೀಲವನ್ನು ಸ್ಟೀಲ್ ಪಾತ್ರೆಯ ಬಾಯಿಗೆ ತೊಡಿಸಿ, ಸುರಿದು, ಮೇಲಿನಿಂದ ಇಕ್ಕಳದಲ್ಲಿ ಹಿಡಿದು ಹಿಂಡಿದರೆ ಒಂದು ನಿಮಿಷದ ಕೆಲಸ. ಇದನ್ನು ಕಲಿಯಲು ನನಗೆ ಐದು ವಾರ ಹಿಡಿಯಿತು.

ಇನ್ನೊಂದು ತೊಡಕು ಕೆಡುವುದು. ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟ ಲೋಳೆ ಮಾರನೆಯ ದಿನವೇ ಹುಳಿ ವಾಸನೆ ಹೊಡೆಯಿತು. ಫ್ರಿಜ್ಜಿನಲ್ಲಿಟ್ಟದ್ದು ಒಂದು ವಾರ ತಾಳುತ್ತದೆ. ಈಗ ಐಸ್ ತಟ್ಟೆಗೆ ಹುಯ್ದು ಫ್ರೀಜರಿನಲ್ಲಿಡುತ್ತೇನೆ, ಭಾನುವಾರಕ್ಕೆ ಮೂರು ತುಂಡು ಕರಗಿಸಿದರೆ ಸಾಕು. ಮೂರಕ್ಕೆ ಬದಲು ಐದು ಹಾಕಿದ ವಾರ, ಒಣಗಿದ ಪೊರೆ ಉದುರಿ ಭುಜದ ಮೇಲೆಲ್ಲ ಬಿಳಿ ಪುಡಿಯಾಯಿತು; ತಲೆಹೊಟ್ಟಿಗೆ ಔಷಧ ಹಾಕಿಸಿ ಎಂದು ಶಿಕ್ಷಕಿ ಡೈರಿಯಲ್ಲಿ ಬರೆದು ಕಳಿಸಿದರು.

ನೀರಿನ ಬಗ್ಗೆ ಎರಡು ಮಾತು. ನಮ್ಮ ಬೋರ್ ನೀರಿನ ಗಡಸುತನಕ್ಕೆ ಗೀಸರಿನೊಳಗಿನ ಬಿಳಿ ಹೆಕ್ಕಳಿಕೆಯೇ ಸಾಕ್ಷಿ. ಅದೇ ಲವಣ ಕೂದಲ ಮೇಲೂ ಕುಳಿತು ಒರಟು ಮಾಡುತ್ತದೆ. ಆದ್ದರಿಂದ ಯಾವ ಪದ್ಧತಿಯೇ ಆಗಲಿ, ಕೊನೆಯ ಎರಡು ಚೊಂಬು ಮಾತ್ರ ಹಿಡಿದಿಟ್ಟ ನಲ್ಲಿ ನೀರು. ವ್ಯತ್ಯಾಸ ಮೊದಲ ವಾರವೇ ಕಂಡಿತು. ದಿಂಬಿಗೆ ಹೆಂಡತಿಯ ಹಳೆಯ ರೇಷ್ಮೆ ಸೀರೆಯ ತುಂಡನ್ನು ಹೊದಿಸಿದ್ದೂ ಉಪಯೋಗಕ್ಕೆ ಬಂದಿದೆ.

ಬೆಳಗಿನ ಹೊತ್ತು ಬಿಡುವಿದ್ದು, ಕೂದಲನ್ನು ಇಳಿಬಿಟ್ಟುಕೊಳ್ಳಲು ಶಾಲೆಯ ಅಡ್ಡಿಯಿಲ್ಲದಿದ್ದರೆ, ತಿಂಗಳಿಗೆ ಏಳೆಂಟುನೂರು ರೂಪಾಯಿ ಹೊರೆಯೂ ಅನ್ನಿಸದಿದ್ದರೆ, ಸೆಟ್ಟನ್ನೇ ಕೊಳ್ಳಿ. ನೋಟ ನಿಜವಾಗಿಯೂ ಚೆನ್ನ. ಒಲೆಯ ಮುಂದೆ ನಿಲ್ಲುವ ತಾಳ್ಮೆ ಇಲ್ಲದವರು ಬರೀ ಕಂಡಿಷನರಿನಲ್ಲಿ ಮುಗಿಸಿದರೂ ಮುಕ್ಕಾಲು ಪಾಲು ಲಾಭ ಸಿಕ್ಕೇ ಸಿಗುತ್ತದೆ. ನನಗೆ ಭಾನುವಾರ ಹೇಗೂ ಅಡುಗೆಮನೆಯಲ್ಲಿ ಕಳೆಯುವ ದಿನ, ಬೀಜ ಹೇಗೂ ಡಬ್ಬಿಯಲ್ಲಿರುವ ಸಾಮಾನು, ಭಾನುವಾರ ಬಿಡಿಸಿದ ಸಿಕ್ಕು ಬುಧವಾರದವರೆಗೆ ಮತ್ತೆ ಬೀಳದಿದ್ದರೆ ಅಷ್ಟೇ ಬೇಕಾದದ್ದು. ಬುಧವಾರ ರಾತ್ರಿ ಜಡೆ ಬಿಚ್ಚಿ, ಕೈಗೆ ನೀರು ಮತ್ತು ಒಂದು ಹನಿ ಕಂಡಿಷನರ್ ಹಾಕಿಕೊಂಡು ತುದಿಗೆ ಸವರಿ ಮತ್ತೆ ಹೆಣೆಯುತ್ತೇನೆ. ಶನಿವಾರದವರೆಗೆ ಅದೇ ಸಾಗುತ್ತದೆ. ಸೀಗೆಪುಡಿಯ ಡಬ್ಬಿ ಈಗಲೂ ಬಚ್ಚಲಿನಲ್ಲಿದೆ, ನನ್ನ ತಲೆಗೆ.