ಎದುರುಗಾಳಿಯಲ್ಲಿ ಗಾಲ್ಫ್: ಜೋರಾಗಿ ಹೊಡೆಯೋದಾ, ದೊಡ್ಡ ಕ್ಲಬ್ ಹಿಡಿಯೋದಾ?

ಗ್ರೀನ್ (ಹೋಲ್ ಇರುವ ನುಣುಪಾದ ಹುಲ್ಲಿನ ಜಾಗ) 150 ಗಜ ದೂರದಲ್ಲಿದೆ, ಗಾಳಿ ಮುಖಕ್ಕೇ ಬೀಸುತ್ತಿದೆ. ಆಗ ಮೂರು ದಾರಿಗಳಿವೆ. ಮಾಮೂಲಿ 7 ಐರನ್ ಕ್ಲಬ್ ಹಿಡಿದು ಇನ್ನೂ ಬಲ ಹಾಕುವುದು ಒಂದು. ಚೆಂಡನ್ನು ಹಿಂದಿನ ಕಾಲಿನ ಹತ್ತಿರ ಇಟ್ಟುಕೊಂಡು ತಗ್ಗಾಗಿ ಪಂಚ್ ಮಾಡುವುದು ಇನ್ನೊಂದು. 7 ಐರನ್‌ಗಿಂತ ದೊಡ್ಡದಾದ, ಅಂದರೆ ಚೆಂಡನ್ನು ಹೆಚ್ಚು ದೂರ ಕಳಿಸುವ 5 ಐರನ್ ತೆಗೆದು ಆರಾಮಾಗಿ ಮುಕ್ಕಾಲು ಸ್ವಿಂಗ್ ಮಾಡುವುದು ಮೂರನೆಯದು. ಮೂರನ್ನೂ ಒಂದೇ ಬಗೆಯ ಚೆಂಡಿನಲ್ಲಿ ಹೊಡೆದು ನೋಡಿದ್ದೇನೆ. ನನ್ನ ಓಟು ಮೂರನೆಯದಕ್ಕೆ.

ಬಲ ಹಾಕಿದಷ್ಟೂ ಚೆಂಡಿಗೆ ಹಿಂದಕ್ಕೆ ತಿರುಗುವ ಗಿರಕಿ, ಅಂದರೆ ಬ್ಯಾಕ್‌ಸ್ಪಿನ್ ಜಾಸ್ತಿಯಾಗುತ್ತದೆ. ಎದುರುಗಾಳಿಯಲ್ಲಿ ಆ ಸ್ಪಿನ್ನೇ ಶತ್ರು. ಚೆಂಡು ಏರುತ್ತಾ ಏರುತ್ತಾ ಹೋಗಿ, ಮೇಲೆ ಒಂದು ಕ್ಷಣ ನಿಂತೇಬಿಟ್ಟಿತೇನೋ ಅನ್ನಿಸಿ, ಆಮೇಲೆ ನೆಟ್ಟಗೆ ಕೆಳಗಿಳಿದು ಗ್ರೀನ್ ಮುಂದಿನ ಮರಳು ಗುಂಡಿಯಲ್ಲಿ, ಅಂದರೆ ಬಂಕರ್‌ನಲ್ಲಿ ಹೂತುಕೊಳ್ಳುತ್ತದೆ. ಹೊಡೆತ ಚೆನ್ನಾಗೇ ಬಿದ್ದಿರುತ್ತದೆ, ಅದೇ ಬೇಜಾರು.

ಪಂಚ್ ನನಗೆ ಇಷ್ಟದ ಹೊಡೆತ. ಗ್ರೀನ್‌ನ ಮುಂಭಾಗ ತೆರೆದಿದ್ದು ನೆಲ ಗಟ್ಟಿಯಾಗಿದ್ದರೆ ಅದನ್ನೇ ಆಡಿ. ಆದರೆ ಚೆಂಡನ್ನು ತೀರಾ ಹಿಂದಿಟ್ಟರೆ ಕ್ಲಬ್ ಕಡಿದಾಗಿ ಇಳಿದು ನೆಲ ಅಗೆಯುತ್ತದೆ, ಎಷ್ಟು ದೂರ ಉರುಳುತ್ತದೆ ಅನ್ನುವ ಲೆಕ್ಕವೂ ಸಿಗುವುದಿಲ್ಲ. ಮುಂದೆ ಬಂಕರ್ ಇದ್ದರಂತೂ ಬೇಡವೇ ಬೇಡ.

5 ಐರನ್ನಿನ ಮುಕ್ಕಾಲು ಸ್ವಿಂಗ್‌ನಲ್ಲಿ ಹೆಚ್ಚು ಬದಲಾವಣೆ ಇಲ್ಲ. ಹಿಡಿತವನ್ನು ಒಂದು ಇಂಚು ಕೆಳಗೆ ತನ್ನಿ. ಚೆಂಡನ್ನು ಮಾಮೂಲಿ ಜಾಗಕ್ಕಿಂತ ಒಂದು ಚೆಂಡಿನಷ್ಟು ಮಾತ್ರ ಹಿಂದಿಡಿ. ಸ್ವಿಂಗ್ ಮುಗಿದಾಗ ಕೈ ಎದೆಯ ಎತ್ತರದಲ್ಲೇ ನಿಲ್ಲಬೇಕು, ಭುಜ ದಾಟಬಾರದು. ವೇಗವೂ ಲಾಫ್ಟೂ (ಕ್ಲಬ್ ಮುಖದ ಓರೆ) ಕಡಿಮೆ ಇರುವುದರಿಂದ ಸ್ಪಿನ್ ಕಡಿಮೆ, ಹಾಗಾಗಿ ಚೆಂಡು ಗಾಳಿಯಲ್ಲಿ ಉಬ್ಬಿ ಮೇಲೇಳದೆ ಮುಂದಕ್ಕೇ ನುಗ್ಗುತ್ತದೆ.

ಎಷ್ಟು ದೊಡ್ಡ ಕ್ಲಬ್ ಬೇಕು ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕವಿದೆ. ಎದುರುಗಾಳಿ ಗಂಟೆಗೆ ಒಂದು ಮೈಲಿಯಿದ್ದರೆ ದೂರಕ್ಕೆ ಶೇ. 1 ಸೇರಿಸಿ, ಹಿಂದಿನಿಂದ ಬೀಸಿದರೆ ಶೇ. ಅರ್ಧ ಕಳೆಯಿರಿ. ಅಂದರೆ 10 ಮೈಲಿ ಎದುರುಗಾಳಿಯಲ್ಲಿ 150 ಗಜ 165ರಂತೆ ಆಡುತ್ತದೆ, ಅದೇ ಗಾಳಿ ಬೆನ್ನಿಗಿದ್ದರೆ ಸುಮಾರು 142ರಂತೆ. ಕೊಟ್ಟಿದ್ದಕ್ಕಿಂತ ಕಿತ್ತುಕೊಳ್ಳುವುದೇ ಜಾಸ್ತಿ, ಅಲ್ವಾ? ಬೆನ್ನಗಾಳಿ ಚೆಂಡನ್ನು ತಳ್ಳುತ್ತದೆ ನಿಜ, ಆದರೆ ಅದನ್ನು ಮೇಲೆ ಹಿಡಿದಿಡುವ ಶಕ್ತಿಯನ್ನೂ ಕಡಿಮೆ ಮಾಡುತ್ತದೆ.

ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ವಿಷಯಕ್ಕೆ ಬಂದರೆ, ಗಾಳಿ ಬಂದ ಕೂಡಲೇ ಟೀಯನ್ನು (ಚೆಂಡನ್ನು ಎತ್ತರಿಸಿಡುವ ಪುಟ್ಟ ಗೂಟ) ನೆಲಕ್ಕೆ ಒತ್ತುವವರೇ ಹೆಚ್ಚು. ತಗ್ಗು ಟೀ, ಮಾಮೂಲಿ ಟೀ ಎರಡನ್ನೂ ಹೋಲಿಸಿದರೆ ನಾನು ಮಾಮೂಲಿಗೇ ಅಂಟಿಕೊಳ್ಳುತ್ತೇನೆ. ಟೀ ತಗ್ಗಿದ್ದಾಗ ಚೆಂಡು ಡ್ರೈವರ್ ಮುಖದ ಕೆಳಭಾಗಕ್ಕೆ ತಾಗುತ್ತದೆ. ಚೆಂಡು ಹೊರಡುವುದು ತಗ್ಗಾಗೇ, ಆದರೆ ಅಲ್ಲಿ ತಾಗಿದರೆ ಸ್ಪಿನ್ ಏರುತ್ತದೆ, ಮತ್ತೆ ಅದೇ ಉಬ್ಬು. ನಂಬಿಕೆ ಬರದಿದ್ದರೆ ಡ್ರೈವರ್ ಮುಖಕ್ಕೆ ಸ್ವಲ್ಪ ಪೌಡರ್ ಸಿಂಪಡಿಸಿ ಹೊಡೆಯಿರಿ, ಗುರುತು ಎಲ್ಲಿ ಬಿತ್ತೆಂದು ಕಾಣುತ್ತದೆ.

ಅಡ್ಡಗಾಳಿಯಲ್ಲಿ ಎರಡು ಪಕ್ಷ. ಗಾಳಿ ಎಡದಿಂದ ಬಲಕ್ಕಿದ್ದರೆ ಎಡಕ್ಕೆ ಗುರಿಯಿಟ್ಟು ನೇರ ಹೊಡೆದು, ಗಾಳಿಯೇ ಚೆಂಡನ್ನು ತಂದುಹಾಕಲಿ ಎಂದು ಬಿಡಬಹುದು. ಅಥವಾ ಬಲಗೈ ಆಟಗಾರ ಡ್ರಾ, ಅಂದರೆ ಎಡಕ್ಕೆ ಬಾಗುವ ಹೊಡೆತ, ಹೊಡೆದು ಗಾಳಿಗೆ ಎದುರು ನಿಲ್ಲಿಸಬಹುದು. ಎರಡನೆಯದು ಬಿದ್ದಾಗ ನೋಡಲು ತುಂಬಾ ಚೆಂದ, ಚೆಂಡು ಗ್ರೀನ್ ಮೇಲೆ ಬೇಗ ನಿಲ್ಲುತ್ತದೆ ಕೂಡ. ಆದರೆ ದೂರ ಕಡಿಮೆಯಾಗುತ್ತದೆ. ಡ್ರಾ ಸ್ವಲ್ಪ ಜಾಸ್ತಿಯಾದರೆ ಎಡಕ್ಕೆ, ಆಗದೇ ಹೋದರೆ ಗಾಳಿಯ ಜೊತೆ ಬಲಕ್ಕೆ. ಟೀಯಿಂದ ಹೊಡೆಯುವಾಗ ನಾನು ಯಾವಾಗಲೂ ಗಾಳಿಗೇ ಬಿಡುತ್ತೇನೆ. ಪಿನ್ (ಹೋಲ್‌ನ ಧ್ವಜ) ಪಕ್ಕದಲ್ಲೇ ನೀರಿದ್ದು, ಕೈಯಲ್ಲಿ 8 ಅಥವಾ 9 ಐರನ್ ಇದ್ದರೆ ಮಾತ್ರ ಎದುರು ನಿಲ್ಲಿಸುವ ಹೊಡೆತ.

ಬೆನ್ನಗಾಳಿಗೆ ಹೆಚ್ಚು ಹೇಳಬೇಕಿಲ್ಲ. ಗ್ರೀನ್‌ಗಿಂತ ಮೊದಲೇ ಬೀಳಿಸಿ, ಉರುಳಲು ಬಿಡಿ.

ಗ್ರೀನ್ ಮೇಲೂ ಒಂದು ಆಯ್ಕೆ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. 2015ರ ಗಾಲ್ಫ್ ಟೂರ್ನಿ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ, ಗಾಳಿಗೆ ಗ್ರೀನ್ ಮೇಲಿನ ಚೆಂಡುಗಳು ತಾವಾಗೇ ಉರುಳಿ ಶನಿವಾರದ ಆಟವನ್ನೇ ಗಂಟೆಗಟ್ಟಲೆ ನಿಲ್ಲಿಸಿದ್ದರು. 2019ರಿಂದ ಜಾರಿಯಲ್ಲಿರುವ ನಿಯಮದಂತೆ, ಗ್ರೀನ್ ಮೇಲೆ ಒಮ್ಮೆ ಗುರುತಿಟ್ಟು ಎತ್ತಿ ಮತ್ತೆ ಇಟ್ಟ ಚೆಂಡನ್ನು ಗಾಳಿ ಸರಿಸಿದರೆ ಹಳೆಯ ಜಾಗಕ್ಕೇ ತಂದಿಡಬೇಕು. ಎತ್ತದೇ ಬಿಟ್ಟ ಚೆಂಡನ್ನು ಸರಿಸಿದರೆ, ಅದು ನಿಂತ ಹೊಸ ಜಾಗದಿಂದಲೇ ಆಡಬೇಕು. ಎರಡರಲ್ಲೂ ದಂಡವಿಲ್ಲ. ನಾನು ಇಳಿಜಾರು ಗ್ರೀನ್‌ನಲ್ಲಿ ಹೋದ ಕೂಡಲೇ ಗುರುತಿಟ್ಟು ಎತ್ತಿಬಿಡುತ್ತೇನೆ. ಗಾಳಿ ಚೆಂಡನ್ನು ಹೋಲ್ ಕಡೆಗೇ ತಳ್ಳುವ ಲಾಭ ಹೋಗುತ್ತದೆ, ಆದರೆ ಚೆಂಡು ಗ್ರೀನ್ ಬಿಟ್ಟು ಬಂಕರ್‌ಗೆ ಇಳಿಯುವ ಭಯವೂ ಇರುವುದಿಲ್ಲ.