10 ಮೀಟರ್ ಏರ್ ರೈಫಲ್‌ಗೆ ಯಾವ ಪೆಲೆಟ್? ದೇಶಿ ಡಬ್ಬಿ, ಅಭ್ಯಾಸದ ಡಬ್ಬಿ, ಮ್ಯಾಚ್ ಡಬ್ಬಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಅಡಿಕೆ ಕೊಟ್ಟಿಗೆ ಇರುವ ಮನೆಯಲ್ಲಿ 10 ಮೀಟರ್ ಉದ್ದದ ಜಾಗಕ್ಕೆ ತತ್ವಾರವಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆ ಖಾಲಿ ಇರುತ್ತದೆ, ಹೊರಗೆ ಕೆಲಸ ಸಾಗುವುದಿಲ್ಲ, ಹಾಗಾಗಿ ಅಭ್ಯಾಸ ನಡೆಯುವುದು ಹೆಚ್ಚಾಗಿ ಆಗಲೇ. ಹೊಸಬರು ಕೇಳುವ ಮೊದಲ ಪ್ರಶ್ನೆ ಪೆಲೆಟ್‌ದು, ಅಂದರೆ ಏರ್ ರೈಫಲ್‌ಗೆ ಹಾಕುವ ಸೀಸದ ಪುಟ್ಟ ಗುಂಡಿನದು. ಆಮದಿನ ಮ್ಯಾಚ್ ಡಬ್ಬಿಗೆ ದೇಶಿ ಡಬ್ಬಿಯ ಹಲವು ಪಟ್ಟು ಬೆಲೆ. ಅಷ್ಟು ಕೊಟ್ಟರೆ ಅಂಕದಲ್ಲಿ ಎಷ್ಟು ವಾಪಸು ಬರುತ್ತದೆ?

ಇಲ್ಲಿ ಹೋಲಿಸಿರುವವು ಎಲ್ಲವೂ 4.5 ಮಿ.ಮೀ., ಎಲ್ಲವೂ ಚಪ್ಪಟೆ ತಲೆಯವು. ಉರುಟು ತಲೆಯವು, ಚೂಪು ಮೂತಿಯವು ಕಾಗದವನ್ನು ಹರಿಯುತ್ತವೆ. ತೂತಿನ ಅಂಚು ಉಂಗುರಕ್ಕೆ ತಾಗಿತೋ ಇಲ್ಲವೋ ಎಂದು ಹೇಳಲಾಗದು. ಚಪ್ಪಟೆ ತಲೆ ಪಂಚಿಂಗ್ ಮೆಶಿನ್‌ನಂತೆ ದುಂಡಗೆ ಕತ್ತರಿಸುತ್ತದೆ. ಆದ್ದರಿಂದ ಉಳಿದ ಆಕಾರಗಳನ್ನು ಪಟ್ಟಿಗೇ ಸೇರಿಸಲಿಲ್ಲ.

ಪರೀಕ್ಷೆಗೆ ಬಳಸಿದ ಡಬ್ಬಿಗಳು: ಒಂದು ದೇಶಿ ಪೆಲೆಟ್, ಅಭ್ಯಾಸಕ್ಕೆಂದು ಮಾರುವ 0.45 ಗ್ರಾಂನ ಆರ್‌ಡಬ್ಲ್ಯುಎಸ್ ಬೇಸಿಕ್, ಸ್ಪರ್ಧೆಗೆಂದು ಮಾರುವ 0.53 ಗ್ರಾಂನ ಆರ್‌ಡಬ್ಲ್ಯುಎಸ್ ಆರ್10, ಮತ್ತು ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ರೈಫಲ್. ಕೊನೆಯದರಲ್ಲಿ ತಲೆಯ ಅಳತೆ 4.49 ಮತ್ತು 4.50, ಎರಡೂ. ಬಂದೂಕುಗಳು ಒತ್ತಡದ ಗಾಳಿ ತುಂಬುವ ಪಿಸಿಪಿ ಮ್ಯಾಚ್ ರೈಫಲ್ ಮತ್ತು ನಳಿಗೆ ಮಡಚಿ ತುಂಬುವ ಸ್ಪ್ರಿಂಗ್ ರೈಫಲ್.

ಪಿಸಿಪಿಯನ್ನು ರಬ್ಬರ್ ಹಾಕಿದ ವೈಸ್‌ನಲ್ಲಿ ಹಿಡಿಸಿ ಹೊಡೆಯಬೇಕು. ಕೈಯಲ್ಲಿ ಹಿಡಿದು ಹೊಡೆದರೆ ಪರೀಕ್ಷೆ ಆಗುವುದು ಪೆಲೆಟ್‌ದಲ್ಲ, ಹೊಡೆಯುವವರದು. ಸ್ಪ್ರಿಂಗ್ ರೈಫಲನ್ನು ಮಾತ್ರ ವೈಸ್‌ಗೆ ಬಿಗಿಯಬಾರದು; ಅದು ಸಹಜವಾಗಿ ಜಗ್ಗಲೇಬೇಕು, ಮರಳಿನ ಚೀಲದ ಮೇಲೆ ಹಗುರ ಹಿಡಿತ ಸಾಕು. ಡಬ್ಬಿ ಬದಲಿಸಿದಾಗಲೆಲ್ಲ ಮೊದಲ 10 ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್‌ನ ಸೀಸ, ಎಣ್ಣೆಯ ಲೇಪ ನಳಿಗೆಯಲ್ಲಿ ಉಳಿದಿರುತ್ತದೆ, ಹೊಸತು ಕೂರಲು ಅಷ್ಟು ಬೇಕು. ಆಮೇಲೆ ಹತ್ತು ಹತ್ತರಂತೆ ಐದು ಗುಂಪು. ವರ್ನಿಯರ್‌ನಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ನಿಜವಾದ ಚದುರುವಿಕೆ ಸಿಗುತ್ತದೆ. ಹಿಂದಿನ ತಡೆಗೆ ಬಾಗಿಸಿದ ಉಕ್ಕಿನ ತಗಡಿನ ಪೆಟ್ಟಿಗೆ ಇಡಿ. ಬರಿಯ ಕೆಂಪುಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ಪುಟಿದು ಬರುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಪಿಸಿಪಿಯಲ್ಲಿ ಆರ್10 ಮತ್ತು 4.50ರ ಫಿನಾಲೆ ಎರಡೂ ಒಂದೇ ತೂತು ಕೊರೆದವು, ಚದುರುವಿಕೆ ಒಂದೂವರೆ ಮಿ.ಮೀ. ಒಳಗೆ. ಬೇಸಿಕ್ ಮೂರರ ಆಸುಪಾಸು. ದೇಶಿಯದು ಆರು ಮುಟ್ಟಿತು. ಅದಕ್ಕಿಂತ ದೊಡ್ಡ ತಲೆನೋವು ಅದರ ಗುಂಪಿಗೆ ಒಂದು ರೂಪವೇ ಇರಲಿಲ್ಲ: ಎಂಟು ಒಟ್ಟಿಗೆ, ಎರಡು ಎಲ್ಲೋ. 4.49ರ ಫಿನಾಲೆ ಈ ನಳಿಗೆಯಲ್ಲಿ ತುಸು ಹಿಂದೆ ಬಿತ್ತು. ಅದೇ ಮಾದರಿಯ ಇನ್ನೊಂದು ರೈಫಲಿಗೆ 4.49 ಒಗ್ಗುವುದೂ ಉಂಟು. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ನಳಿಗೆಯ ಮಾತೇ ಕೊನೆಯ ಮಾತು.

ಈ ಮಿಲಿಮೀಟರುಗಳನ್ನು ಅಂಕಕ್ಕೆ ತಿರುಗಿಸಿ ನೋಡಬೇಕು. ರೈಫಲ್ ಟಾರ್ಗೆಟ್‌ನ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ನಟ್ಟನಡುವಿಗೆ 10.9 ಸಿಗುವ ದಶಮಾಂಶ ಲೆಕ್ಕದಲ್ಲಿ ಗುಂಡಿನ ಕೇಂದ್ರ ಪ್ರತಿ 0.25 ಮಿ.ಮೀ. ಸರಿದಾಗ 0.1 ಹೋಗುತ್ತದೆ. 2008ರ ಬೀಜಿಂಗ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಗೆ ಹೊಡೆದ 10.8 ಎಂದರೆ ನಟ್ಟನಡುವಿನಿಂದ ಅರ್ಧ ಮಿ.ಮೀ. ಒಳಗೆ. ಅಲ್ಲಿ ಪೆಲೆಟ್ ತಾನಾಗಿಯೇ ಒಂದು ಮಿ.ಮೀ. ಅಲೆದರೆ 0.4 ಕೈಬಿಟ್ಟಂತೆ. ಪಿಸ್ತೂಲಿನ ಟಾರ್ಗೆಟ್‌ನಲ್ಲಾದರೋ ಹತ್ತರ ಉಂಗುರವೇ 11.5 ಮಿ.ಮೀ., 0.1ಕ್ಕೆ 0.8 ಮಿ.ಮೀ. ಅವಕಾಶ, ಅರ್ಹತಾ ಸುತ್ತಿನಲ್ಲಿ ಪೂರ್ಣಾಂಕವೇ ಎಣಿಕೆ. ಏರ್ ಪಿಸ್ತೂಲಿನವರು ವರ್ಷದ ಅಭ್ಯಾಸವನ್ನೆಲ್ಲ ಬೇಸಿಕ್‌ನಂಥ 0.45 ಗ್ರಾಂ ಡಬ್ಬಿಯಲ್ಲಿ ಮಾಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಉಳಿದ ದುಡ್ಡಿಗೆ ಹೆಚ್ಚು ಗುಂಡು ಹೊಡೆಯಲಿ.

ಸ್ಪ್ರಿಂಗ್ ರೈಫಲ್‌ನಲ್ಲಿ ಮ್ಯಾಚ್ ಡಬ್ಬಿಗೆ ದುಡ್ಡು ಸುರಿಯುವುದು ನಷ್ಟ. ಪಿಸ್ಟನ್ ಜಗ್ಗುವ ಜಗ್ಗಾಟಕ್ಕೆ ಆರ್10 ಮತ್ತು ಬೇಸಿಕ್‌ನ ವ್ಯತ್ಯಾಸ ಮುಳುಗಿಯೇ ಹೋಯಿತು. ಆದರೆ ದೇಶಿಯದು ಅಲ್ಲಿಯೂ ಬೇಡ. ಕೆಲವು ಎಷ್ಟು ಸಡಿಲವೆಂದರೆ ನಳಿಗೆ ಮೇಲೆ ಮಾಡುವಾಗ ಹಿಂದಕ್ಕೆ ಜಾರಿ ಬೀಳುತ್ತವೆ, ಕೆಲವನ್ನು ಹೆಬ್ಬೆರಳಿನ ಬಲ ಹಾಕಿ ತುರುಕಬೇಕು. ಹಾಗೆ ತುರುಕಿದಾಗ ಹಿಂಬದಿಯ ತೆಳು ಸ್ಕರ್ಟ್ ಓರೆಯಾಗುತ್ತದೆ, ಒಂದು ಬದಿಯಿಂದ ಗಾಳಿ ಸೋರುತ್ತದೆ, ಗುಂಡು ದಾರಿ ತಪ್ಪುತ್ತದೆ.

ದೇಶಿಯದೇ ಕೈಯಲ್ಲಿದ್ದರೆ ಆರಿಸಿ ಬಳಸಬಹುದು. ಗಾಜಿನ ಹಲಗೆಯನ್ನು ಕೊಂಚ ಓರೆ ಇಟ್ಟು ಒಂದೊಂದನ್ನೇ ಉರುಳಿಸಿ. ತಲೆಗೂ ಸ್ಕರ್ಟಿಗೂ ಅಳತೆ ಬೇರೆ, ಆದ್ದರಿಂದ ಸರಿಯಾದದ್ದು ನುಣುಪಾಗಿ ಬಿಲ್ಲಿನಂತೆ ತಿರುಗುತ್ತ ಇಳಿಯುತ್ತದೆ. ನೆಗ್ಗಿದ್ದು ಕುಪ್ಪಳಿಸುತ್ತದೆ, ಅದನ್ನು ತೆಗೆದಿಡಿ. ತೂಗಲು 0.01 ಗ್ರಾಂ ತಕ್ಕಡಿ ಸಾಲದು, 0.001 ಬೇಕು. ಲೆಕ್ಕ ಹೀಗೆ: ಸೆಕೆಂಡಿಗೆ 170 ಮೀಟರ್ ವೇಗದ ಗುಂಡು 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. ತೂಕ 0.01 ಗ್ರಾಂ ಹೆಚ್ಚಾದರೆ ವೇಗ ಶೇಕಡಾ 1ರಷ್ಟು ತಗ್ಗಿ ಇನ್ನೂ 0.3 ಮಿ.ಮೀ. ಕೆಳಗೆ ತಾಗುತ್ತದೆ, ಅಂದರೆ 0.1 ಅಂಕ. ತೂಕಕ್ಕಿಂತ ಸ್ಕರ್ಟಿನ ನೆಗ್ಗು ಕೆಡಿಸುವುದೇ ಜಾಸ್ತಿ. ಇದೇ ಲೆಕ್ಕದಲ್ಲಿ 0.53ರಿಂದ 0.45 ಗ್ರಾಂಗೆ ಹೋದರೆ ಗುಂಪು ಎರಡೂವರೆ ಮಿ.ಮೀ. ಆಸುಪಾಸು ಮೇಲೇರುತ್ತದೆ, ಗುರಿ ಹಿಡಿಯುವ ಸೈಟ್ ತಿರುಗಿಸಲೇಬೇಕು.

ದೇಶಿ ಪೆಲೆಟ್‌ಗೆ ಸೀಸದ ಪುಡಿ ಅಂಟಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅಲುಗಾಡಿಸಿ, ಎರಡು ಸಲ ತೊಳೆದು, ಬಟ್ಟೆಯ ಮೇಲೆ ಹರವಿ ಫ್ಯಾನಿನಡಿ ಒಣಗಿಸಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಮ್ಯಾಚ್ ಪೆಲೆಟ್‌ಗೆ ಲೇಪ ಕಾರ್ಖಾನೆಯಲ್ಲೇ ಆಗಿರುತ್ತದೆ, ತೊಳೆದು ಕೆಡಿಸಬೇಡಿ. ಸ್ಪ್ರಿಂಗ್ ಬಂದೂಕಿಗೆ ಎಣ್ಣೆ ಸವರಿದ ಪೆಲೆಟ್ ಹಾಕಲೇಬೇಡಿ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿದಂತೆ ಹೊತ್ತುತ್ತದೆ: ಜೋರು ಸದ್ದು, ಹೊಗೆ, ಗುಂಡು ಎಲ್ಲೋ ಮೇಲೆ. ಮತ್ತೆ ಮತ್ತೆ ಹಾಗಾದರೆ ಸೀಲ್ ಸುಡುತ್ತದೆ, ಸ್ಪ್ರಿಂಗ್ ತುಂಡಾಗುತ್ತದೆ.

ನಮ್ಮ ಊರಿನ ಆಟಿ ತಿಂಗಳ ತೇವಕ್ಕೆ ಎಲ್ಲ ಡಬ್ಬಿಗಳೂ ಒಂದೇ. ಮರದ ಕಪಾಟು, ರಟ್ಟಿನ ಪೆಟ್ಟಿಗೆ ಹೊರಬಿಡುವ ಹುಳಿ ಆವಿಗೆ ಸೀಸದ ಮೇಲೆ ಬಿಳಿ ಹುಡಿ ಏಳುತ್ತದೆ. ಅದು ವಿಷ, ಬಾಯಲ್ಲಿ ಊದಬೇಡಿ. ಹುಡಿ ಹಿಡಿದದ್ದನ್ನು ನಳಿಗೆಗೂ ಹಾಕಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಮಳೆಗಾಲ ದಾಟುತ್ತದೆ. ಪಿಸಿಪಿಗೆ ಕೈಪಂಪಿನಲ್ಲಿ ಗಾಳಿ ತುಂಬುವವರು ಪಂಪಿನ ತೇವಾಂಶ ಫಿಲ್ಟರನ್ನೂ ಆಗಾಗ ಬದಲಿಸಿ. ಸಿಲಿಂಡರಿನೊಳಗೆ ನೀರು ಸೇರಿದರೆ ಒಳಗಿನ ಭಾಗಗಳಿಗೆ ತುಕ್ಕು ಹಿಡಿದು ವೇಗ ಏರುಪೇರಾಗುತ್ತದೆ, ತಪ್ಪು ಪೆಲೆಟ್‌ದೇ ಎಂದು ಕಾಣುತ್ತದೆ.

ಪಿಸಿಪಿ ರೈಫಲಿನವರು ಆರ್10 ಅಥವಾ ಫಿನಾಲೆಯ ಒಂದೊಂದೇ ಡಬ್ಬಿ ತಂದು ಹೊಡೆದು ನೋಡಿ. ಒಗ್ಗಿದ್ದು ಸಿಕ್ಕಿದ ಕೂಡಲೇ ಡಬ್ಬಿಯ ಲಾಟ್ ನಂಬರ್ ಬರೆದುಕೊಂಡು ಅದೇ ಲಾಟ್‌ನಲ್ಲಿ ಬೇಕಾದಷ್ಟು ತರಿಸಿ. ಬೇರೆ ಲಾಟ್ ಎಂದರೆ ಪರೀಕ್ಷೆ ಮತ್ತೆ ಮೊದಲಿನಿಂದ. 60 ಗುಂಡಿನ ಒಂದು ಮ್ಯಾಚ್‌ಗೆ ಸೈಟರ್ (ಲೆಕ್ಕಕ್ಕೆ ಮೊದಲು ಗುರಿ ಸರಿಮಾಡಿಕೊಳ್ಳುವ ಗುಂಡು) ಸೇರಿ 80 ಹಿಡಿದರೆ 500ರ ಡಬ್ಬಿ ಆರು ಮ್ಯಾಚ್‌ಗೆ ಬರುತ್ತದೆ.